ಅಮ್ಮಮ್ಮ ಮತ್ತು ಮುಸುರೆಯಲ್ಲದ ಲೋಳೆ

ಒಂದು ನಿಮಿಷ ತಡೆಯಿರಿ. ಕೈಯಲ್ಲಿ ಏನೇ ಕೆಲಸ ಇದ್ದರೂ ಬದಿಗಿಟ್ಟು ಇದೊಂದನ್ನು ಕೇಳಿಕೊಂಡು ಹೋಗಿ.

ನಮ್ಮ ಪಕ್ಕದ ಮನೆಯ ಅಮ್ಮಮ್ಮ ತೀರಿಕೊಂಡ ಮಾರನೇ ದಿನ ಅವರ ಫ್ರಿಜ್ಜಿನಲ್ಲಿ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಒಳಗೆ ಅರಿಶಿನ ಬಣ್ಣದ ಲೋಳೆ. ಬೆರಳಲ್ಲಿ ಎತ್ತಿದರೆ ಉದ್ದಕ್ಕೆ ಜೋತುಬಿದ್ದು, ಬಿಟ್ಟರೆ ಮತ್ತೆ ಮುದ್ದೆಯಾಗಿ ಕೂರುವ ಆಟದ ಸ್ಲೈಮ್. ಮನೆಯಲ್ಲಿ ಸೂತಕ. ಬೆಂದ ಅಡುಗೆಯೆಲ್ಲ ಆಗಲೇ ಹೊರಗೆ ಹೋಗಿತ್ತು. ಈ ಡಬ್ಬಿ ಮಾತ್ರ ಅಡುಗೆ ಕಟ್ಟೆಯ ಮೇಲೆ ಕೂತಿತ್ತು, ಸುತ್ತ ನೆಂಟರು ನಿಂತಿದ್ದರು.

"ಇದಕ್ಕೆ ಸೂತಕ ಉಂಟಾ?" ಅಂತ ಒಬ್ಬರು ಕೇಳಿದರು.

"ಮೊದ್ಲು ಇದು ಅಡುಗೆಯಾ ಹೇಳಿ."

"ಅಡುಗೆ ಅಲ್ಲ. ಆದ್ರೆ ಬೇಯ್ಸಿದ್ದು ಹೌದು."

"ಔಷಧಿ ಅಂತಿದ್ಲು ಅವ್ಳು" ಅಂದರು ಅಮ್ಮಮ್ಮನ ಗಂಡ, ನಾವೆಲ್ಲ ಅಜ್ಜಯ್ಯ ಅನ್ನುವವರು.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಸೇರಿಸಿದರೂ ಇಂಥ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಒಬ್ಬರೇ ಇದ್ದರು. ಅವರೇ ಹೋಗಿಬಿಟ್ಟಿದ್ದರು.

ಆ ಲೋಳೆ ಮಾಡಿಕೊಟ್ಟವಳು ನಾನು. ಹಾಗಾಗಿ ಬರೆಯುವ ಹಕ್ಕೂ ನನಗೇ ಇದೆ ಅಂದುಕೊಂಡಿದ್ದೇನೆ.

ಮೊದಲು ನನ್ನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನನಗೆ ಸ್ಲೈಮ್ ಹುಚ್ಚು. ಯಾರೂ ಕಲಿಸಿದ್ದಲ್ಲ, ಫೋನ್ ನೋಡಿ ಕಲಿತದ್ದು. ತೀರ್ಥಹಳ್ಳಿಯಲ್ಲಿ ಡಿಗ್ರಿ ಓದುತ್ತಿದ್ದಾಗ ಕಾಲೇಜಿನಿಂದ ಬಂದವಳೇ ಒಂದು ಬಟ್ಟಲು, ಒಂದು ಚಮಚ ಹಿಡಿದು ಹಿತ್ತಲ ಕಟ್ಟೆಯಲ್ಲಿ ಕೂರುತ್ತಿದ್ದೆ. ಬಿಳಿ ಗಮ್, ಅಡುಗೆ ಸೋಡಾ, ಕಣ್ಣಿನ ಲೆನ್ಸ್ ತೊಳೆಯುವ ನೀರು. ಇಷ್ಟನ್ನು ಕಲಸುತ್ತಾ ಹೋದರೆ ಒಂದು ಹಂತದಲ್ಲಿ ಅದು ಬಟ್ಟಲಿನ ಅಂಚು ಬಿಟ್ಟು ಚಮಚಕ್ಕೆ ಸುತ್ತಿಕೊಳ್ಳುತ್ತದೆ ನೋಡಿ, ಆ ಕ್ಷಣಕ್ಕೆ ನಾನು ಊಟ ಬಿಡಬಲ್ಲೆ. ನನ್ನ ಅಮ್ಮ ಮಾತ್ರ, "ಮದ್ವೆ ವಯಸ್ಸಿಗೆ ಬಂದೋಳು ಸಿಂಬಳ ಕಲಸ್ತಾ ಕೂತದೆ, ಯಾರಾದ್ರೂ ನೋಡಿದ್ರೆ ಎಂತ ಹೇಳ್ಲಿ ಮಾರಾಯ್ತಿ" ಅಂತ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಅಮ್ಮಮ್ಮ ಬಾಗಿಲು ಹಾಕಿಕೊಳ್ಳುವವರಲ್ಲ. ನಮ್ಮಿಬ್ಬರ ಹಿತ್ತಲ ನಡುವೆ ಒಂದು ಮೊಣಕಾಲೆತ್ತರದ ಗೋಡೆ. ಅದರ ಆಚೆ ನಿಂತು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

"ಎಂತದೇ ಕೂಸೆ ಅದು?"

"ಸ್ಲೈಮ್ ಅಮ್ಮಮ್ಮ. ಲೋಳೆ."

"ಬೇಯ್ಸಿದ್ದಾ, ಹಸೀದಾ?"

ಮೊದಲ ಪ್ರಶ್ನೆಯೇ ಅದು. ಬಣ್ಣ ಯಾವುದು, ಎಂತಕ್ಕೆ ಇದು, ಒಂದೂ ಕೇಳಲಿಲ್ಲ. ಅಮ್ಮಮ್ಮನ ಪ್ರಪಂಚದಲ್ಲಿ ವಸ್ತುಗಳು ಎರಡೇ ಜಾತಿ: ಮುಸುರೆ ಮತ್ತು ಮುಸುರೆ ಅಲ್ಲದ್ದು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನನಗೂ ಅವರೇ ಹೇಳಿಕೊಟ್ಟದ್ದು. ಅಕ್ಕಿ, ಗೋಧಿ, ಮೈದಾ, ಯಾವುದೇ ಧಾನ್ಯಕ್ಕೆ ನೀರು ಹಾಕಿ ಬೇಯಿಸಿದರೆ ಅದು ಮುಸುರೆ. ಅದನ್ನು ಮುಟ್ಟಿದ ಕೈ ತೊಳೆಯದೆ ಹಾಲು, ಮೊಸರು, ಉಪ್ಪಿನಕಾಯಿ ಜಾಡಿ ಮುಟ್ಟುವಂತಿಲ್ಲ. ಅನ್ನದ ಪಾತ್ರೆ ಇಟ್ಟ ಜಾಗವನ್ನು ಒರೆಸದೆ ಬೇರೆ ಏನೂ ಇಡುವಂತಿಲ್ಲ. ತಮಾಷೆ ಏನೆಂದರೆ ಮನುಷ್ಯರ ವಿಷಯದಲ್ಲಿ ಅವರಿಗೆ ಇಂಥದ್ದೇನೂ ಇರಲಿಲ್ಲ. ನಾನು ಗೌಡರ ಮನೆಯವಳು, ಸೀದಾ ಅವರ ಅಡುಗೆಮನೆಗೆ ನುಗ್ಗಿ ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದೆ. "ನೀ ಎಲ್ಲಿ ಬೇಕಾರೂ ಹೋಗು ಕೂಸೆ. ಆ ಸೌಟು ಮಾತ್ರ ಅಲ್ಲಿ ಇಡ್ಬೇಡ" ಅನ್ನುತ್ತಿದ್ದರು.

ಅವರ ತವರು ಹೆಗ್ಗೋಡಿನ ಹತ್ತಿರ. ಆ ಕಡೆಯಿಂದ ಸೊಸೆಯಂದಿರು, ತಂಗಿಯ ಮಕ್ಕಳು ತೀರ್ಪು ಕೇಳಲು ಫೋನ್ ಮಾಡುತ್ತಿದ್ದರು. ಅಮ್ಮಮ್ಮ ಸ್ಪೀಕರ್ ಹಾಕಿಯೇ ಮಾತಾಡುವುದರಿಂದ ನಮ್ಮ ಮನೆಗೂ ಕೇಳಿಸುತ್ತಿತ್ತು. ಮನೆಯವರ ಹತ್ತಿರ ಹವ್ಯಕರ ಮಾತು, ನನ್ನ ಹತ್ತಿರ ಪೇಟೆ ಮಾತು.

"ಅತ್ತೇ, ಪಾಪ್‌ಕಾರ್ನ್ ಮುಸುರೆಯಾ?"

"ನೀರು ಹಾಕಿದ್ಯ?"

"ಇಲ್ಲೆ."

"ಹಂಗಾರೆ ಅರಳಿನ ಜಾತಿ. ತೊಂದ್ರೆ ಇಲ್ಲೆ."

"ಬ್ರೆಡ್ಡು?"

"ಬೇಯ್ಸಿದವ ಬೇಕರಿಯವ. ಮುಸುರೆ ಎಲ್ಲಾ ಅವ್ನ ಕೈಲೇ ಕಳ್ದು ಹೋತು. ನಮ್ಮನೆಗೆ ಬಪ್ಪದು ಬರೀ ಬ್ರೆಡ್ಡು."

ಯಾವ ಶಾಸ್ತ್ರದಲ್ಲಿ ಹೀಗೆ ಬರೆದಿದೆಯೋ ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿರಲಿಲ್ಲ ಅಂತ ನನ್ನ ಅನುಮಾನ. ಆದರೆ ಕೇಳಿದ ತಕ್ಷಣ ಉತ್ತರ ಬರುತ್ತಿತ್ತು, ಬಂದ ಉತ್ತರ ಬದಲಾಗುತ್ತಿರಲಿಲ್ಲ. ಪದಾರ್ಥಗಳನ್ನು ಹೀಗೆ ಹಿಡಿದು ನಿಲ್ಲಿಸಿ ವಿಚಾರಣೆ ಮಾಡುವುದರಲ್ಲಿ ಅವರಿಗೆ ಎಂಥ ಖುಷಿ ಇತ್ತು ಅಂದರೆ, ಹೊಸ ತಿಂಡಿ ಯಾವುದಾದರೂ ಪೇಟೆಗೆ ಬಂದರೆ ತಿನ್ನುವ ಆಸೆಗಿಂತ ತೀರ್ಪು ಕೊಡುವ ಆಸೆಗೇ ತರಿಸುತ್ತಿದ್ದರು.

ಅವರ ಇನ್ನೊಂದು ಖುಷಿ ಚೆನ್ನೆಮಣೆ. ಮರದ ಹಲಗೆಯಲ್ಲಿ ಎರಡು ಸಾಲು ಗುಳಿ, ಗುಳಿಯಲ್ಲಿ ಬೀಜ. ಒಂದು ಗುಳಿಯ ಬೀಜವನ್ನೆಲ್ಲ ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವ ಆಟ. ಎಲ್ಲಿ ನಿಲ್ಲುತ್ತದೆ, ಆಚೆ ಗುಳಿಯಲ್ಲಿ ಎಷ್ಟು ಸಿಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿದವರು ಗೆಲ್ಲುತ್ತಾರೆ. ಪ್ರತಿವರ್ಷ ಆಷಾಢದಲ್ಲಿ ಅಜ್ಜಯ್ಯನ ತಂಗಿ ಹೊಸನಗರದಿಂದ ಬಂದು ಅಣ್ಣನ ಮನೆಯಲ್ಲಿ ಉಳಿಯುತ್ತಿದ್ದರು. ನಾನು ಅವರನ್ನು ಹೊಸನಗರದ ಅತ್ತೆ ಅನ್ನುತ್ತೇನೆ. ಬಂದವರು ಕಾಲು ತೊಳೆದು, ಕಾಫಿ ಕುಡಿದು, ಮಣೆ ಎಳೆದುಕೊಳ್ಳುತ್ತಿದ್ದರು. ಮದುವೆಯಾಗಿ ಬಂದ ವರ್ಷದಿಂದ ಅಮ್ಮಮ್ಮನೇ ಗೆಲ್ಲುತ್ತಿದ್ದದ್ದು. ಹೊಸನಗರದ ಅತ್ತೆ ಪ್ರತಿಸಲ ಸೋತು, "ಬೀಜ ಸರಿ ಇಲ್ಲೆ", "ಮಣೆ ವಾಲಿದ್ದು", "ಅಣ್ಣ ಕೆಮ್ಮಿದ" ಅಂತ ಕಾರಣ ಹೇಳಿ ಬಸ್ಸು ಹತ್ತುತ್ತಿದ್ದರು.

ಹೀಗಿರುವಾಗ ಅಮ್ಮಮ್ಮ ಹಪ್ಪಳ ಒಣಹಾಕಲು ಹೋಗಿ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚಿದಾಗ ಮೂಳೆ ಕೂಡಿತ್ತು, ಬೆರಳು ಮಾತ್ರ ಮಡಚುತ್ತಿರಲಿಲ್ಲ. ಅಂಗೈ ಸೆಟೆದು ಹಲಗೆಯ ಹಾಗೆ ನಿಂತಿತ್ತು. ಮೆತ್ತಗಿನದ್ದು ಏನಾದರೂ ದಿನಾ ಹಿಸುಕಿ ಅಂದರು ಡಾಕ್ಟರು. ಅಜ್ಜಯ್ಯ ಸ್ಪಂಜಿನ ಚೆಂಡು ತಂದರು. "ಇದು ನಾಯಿ ಕಚ್ಚೂದು" ಅಂತ ಅಮ್ಮಮ್ಮ ಅದನ್ನು ಕಪಾಟಿನ ಮೇಲೆ ಎಸೆದರು. ಚಪಾತಿ ಹಿಟ್ಟು ಹಿಸುಕಿ ಅಂದರೆ, ತಿನ್ನುವ ಪದಾರ್ಥದ ಜೊತೆ ಆಟ ಆಡುವುದಿಲ್ಲ ಅಂದರು.

ಆಗ ಬಂತು ಹೊಸನಗರದಿಂದ ಫೋನ್.

"ಅತ್ತಿಗೆ, ಕೈ ಹ್ಯಾಂಗಿದ್ದು?"

"ಇಪ್ಪಲ್ಲೇ ಇದ್ದು."

"ಚಿಂತೆ ಮಾಡಡ. ಈ ಸಲ ನಿನ್ನ ಬದ್ಲು ಅಣ್ಣ ಬೀಜ ಹಾಕ್ಲಿ. ನೀ ಗುಳಿ ತೋರ್ಸಿರೆ ಸಾಕು."

ಅಮ್ಮಮ್ಮ ಎಡಗೈಯಲ್ಲಿ ಫೋನ್ ಕಟ್ ಮಾಡಲು ಹೋಗಿ ಕ್ಯಾಮೆರಾ ಆನ್ ಮಾಡಿದರು. ಅವರ ಮುಖ ಅಷ್ಟು ಕೆಂಪಾದದ್ದನ್ನು ನಾನು ನೋಡಿರಲಿಲ್ಲ. ಚೆನ್ನೆಮಣೆಯಲ್ಲಿ ಎಡಗೈ ಇಲ್ಲ, ಅದು ಆ ಮನೆಯ ನಿಯಮ. ಇನ್ನೊಬ್ಬರ ಕೈ ಅಂತೂ ಯೋಚಿಸುವ ವಿಷಯವೇ ಅಲ್ಲ. ಬಲಗೈಯಲ್ಲಿ ಬೀಜ ಬಾಚಿ ಹಾಕಲು ಆಗಲಿಲ್ಲವೆಂದರೆ ಆಡದೇ ಸೋತ ಹಾಗೆ. ಅವರು ಗೋಡೆಯ ಹತ್ತಿರ ಬಂದು ನನ್ನ ಬಟ್ಟಲನ್ನೇ ನೋಡಿದರು.

"ಕೂಸೆ, ನಿನ್ನ ಆ ಲೋಳೆ ಹಿಸುಕೂದಾ?"

ಹೀಗೆ ನನ್ನ ಸ್ಲೈಮಿಗೆ ಬದುಕಿನಲ್ಲಿ ಮೊದಲ ಬಾರಿ ಒಬ್ಬರು ಗಿರಾಕಿ ಸಿಕ್ಕಿದರು. ಆಷಾಢ ಹತ್ತಿರ ಬರುತ್ತಿತ್ತು. ವಿಷಯ ಹೊಸನಗರಕ್ಕೆ ಗೊತ್ತಾಗಬಾರದು ಅಂತ ನನ್ನ ಹತ್ತಿರ ಭಾಷೆ ತೆಗೆದುಕೊಂಡರು. ನಾನು ನನ್ನ ಅತ್ಯುತ್ತಮ ನೀಲಿ ಸ್ಲೈಮ್ ಒಯ್ದುಕೊಟ್ಟೆ.

ಅದನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದರು: "ಗಮ್ಮನ್ನ ಎಂತದ್ರಿಂದ ಮಾಡ್ತಾರೆ?"

ಇಲ್ಲಿ ನಾನು ಸುಮ್ಮನೆ "ಫ್ಯಾಕ್ಟರಿಯಲ್ಲಿ" ಅನ್ನಬಹುದಿತ್ತು. ಆದರೆ ಗೊತ್ತಿದ್ದದ್ದನ್ನು ಹೇಳದೇ ಇದ್ದರೆ ನನಗೆ ಹೊಟ್ಟೆ ನೋವು ಬರುತ್ತದೆ. "ಇದು ಕೆಮಿಕಲ್ ಅಮ್ಮಮ್ಮ. ಹಿಂದಿನ ಕಾಲದಲ್ಲಿ ಆದ್ರೆ ಗೊರಸು, ಚರ್ಮ ಎಲ್ಲ ಕುದಿಸಿ..." ಎಂದು ಶುರುಮಾಡಿದೆ. ನೀಲಿ ಸ್ಲೈಮ್ ಅವರ ಕೈಯಿಂದ ಹಾರಿ ಅಜ್ಜಯ್ಯನ ಪಂಚಾಂಗದ ಮೇಲೆ ಬಿತ್ತು. ಇದು ಅದಲ್ಲ, ಅದು ಹಿಂದಿನದ್ದು ಅಂತ ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ಅಜ್ಜನ ಬುದ್ಧಿ ಮೊಮ್ಮಗನಿಗೆ ಬರದೇ ಇರ್ತದಾ?" ಅಂದರು. ಆ ವರ್ಷದ ಪಂಚಾಂಗದಲ್ಲಿ ಶ್ರಾವಣ ಮಾಸ ಕೊನೆಯವರೆಗೂ ಭಾದ್ರಪದಕ್ಕೆ ಅಂಟಿಕೊಂಡೇ ಇತ್ತು.

ಶೇವಿಂಗ್ ಫೋಮ್ ಹಾಕಿದರೆ ಸ್ಲೈಮ್ ಮೋಡದ ಹಾಗೆ ಉಬ್ಬುತ್ತದೆ, ಹಿಸುಕಲು ಅದರಷ್ಟು ಸುಖ ಬೇರೆ ಇಲ್ಲ. ಅಜ್ಜಯ್ಯನದ್ದನ್ನೇ ಕೇಳಿ ತಂದು ಶಾಂಪೂ ಜೊತೆ ಕಲಸಿದೆ. ಅಮ್ಮಮ್ಮ ಒಂದು ಸಲ ಹಿಸುಕಿ, ಮೂಸಿ, "ಇದ್ಯಾಕೆ ಇವ್ರ ಕೆನ್ನೆ ವಾಸನೆ ಬರ್ತದೆ?" ಅಂದರು. ಹೇಳಿದೆ. ಕ್ಷೌರದ ಸಾಮಾನು ಮುಟ್ಟಿದರೆ ತಲೆಗೆ ಸ್ನಾನ. ಮಳೆ ಸುರಿಯುವ ಸಂಜೆಯಲ್ಲಿ ಸ್ನಾನ ಮಾಡಿ, ಒಂದು ವಾರ ಸೀನುತ್ತಾ ಮಲಗಿದರು. ವ್ಯಾಯಾಮ ಇರಲಿ, ಮೂಗು ಒರೆಸಲೂ ಕೈ ಬರುತ್ತಿರಲಿಲ್ಲ.

ಟೂತ್‌ಪೇಸ್ಟಿನದ್ದು ಬಾಗಿಲಲ್ಲೇ ತಿರಸ್ಕಾರವಾಯಿತು. ಎಂಜಲು.

"ಹೊಸ ಟ್ಯೂಬ್ ಅಮ್ಮಮ್ಮ, ಯಾರೂ ಬಾಯಿಗೆ ಹಾಕಿಲ್ಲ!"

"ಬಾಯಿಗೆ ಹಾಕ್ಲಿಕ್ಕೇ ಹುಟ್ಟಿದ್ದಲ್ವಾ ಅದು? ಇವತ್ತಲ್ಲ ನಾಳೆ ಎಂಜಲೇ."

ಮೈದಾ ಬೇಯಿಸಿ ಮಾಡಿದ್ದು ನೋಡಲು ಚಂದ ಬಂತು. ಅದು ಅಪ್ಪಟ ಮುಸುರೆ ಅಂತ ನನಗೇ ಗೊತ್ತಿತ್ತು. ಆದರೆ ಅಮ್ಮಮ್ಮನಿಗೆ ಆಗ ಗಾಬರಿ ಶುರುವಾಗಿತ್ತು, "ಅಡ್ಡಿಲ್ಲ, ಕೈ ತೊಳ್ಕಳ್ತೇನೆ" ಅಂದರು. ಎರಡು ಸಲ ಹಿಸುಕುವುದು, ಫೋನ್ ಬರುವುದು, ಕೈ ತೊಳೆಯುವುದು. ಮತ್ತೆ ಎರಡು ಸಲ ಹಿಸುಕುವುದು, ಹಾಲು ಉಕ್ಕುವುದು, ಕೈ ತೊಳೆಯುವುದು. ಸಂಜೆಯ ಹೊತ್ತಿಗೆ ಬೆರಳು ನೆನೆದು ಬಿಳಿಚಿಕೊಂಡಿದ್ದವು, ಅರ್ಧ ಇಂಚೂ ಮಡಚಿರಲಿಲ್ಲ.

"ಲೋಳೆ ಬೇಕಾದ್ರೆ ದಾಸವಾಳದ ಸೊಪ್ಪು ಕಿವುಚಿರಾತು" ಅಂತ ಅಜ್ಜಯ್ಯ ಪೇಪರಿನ ಹಿಂದಿನಿಂದ ಹೇಳಿದರು. ಒಳ್ಳೆಯ ಸಲಹೆ. ತಲೆ ತೊಳೆಯಲು ಎಲ್ಲ ಮನೆಯಲ್ಲೂ ಮಾಡುವ ಗೊಂಪು ಅದು. ಬೇಯಿಸಿದ್ದಲ್ಲ, ಧಾನ್ಯವಲ್ಲ, ದೋಷವೇ ಇಲ್ಲ. ಆದರೆ ಹಿಡಿದರೆ ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಸೋರಿ ಮೊಣಕೈಗೆ ಹೋಗುತ್ತಿತ್ತು. ಗಟ್ಟಿಯಾಗಲಿ ಅಂತ ಜೋಳದ ಹಿಟ್ಟು ಹಾಕಿ ಬಚ್ಚಲಲ್ಲಿ ಇಟ್ಟಿದ್ದೆ. ಅಜ್ಜಯ್ಯ ತಮಗಾಗಿ ಇಟ್ಟದ್ದು ಅಂದುಕೊಂಡು ತಲೆಗೆ ಹಚ್ಚಿಕೊಂಡರು. ಒಣಗಿದ ಮೇಲೆ ಬಾಚಣಿಗೆ ಹೋಗಲಿಲ್ಲ. ಇದ್ದ ನಾಲ್ಕು ಕೂದಲೂ ಎದ್ದು ನಿಂತು, ಆ ದಿನ ಅವರು ಬ್ಯಾಂಕಿಗೆ ಟೋಪಿ ಹಾಕಿಕೊಂಡು ಹೋದರು.

ನಾನು ಸೋತು ಕೂತಿದ್ದೆ. ಅಮ್ಮಮ್ಮ ಅದಕ್ಕಿಂತ ಸೋತು ಕೂತಿದ್ದರು. ಚೆನ್ನೆಮಣೆಯನ್ನು ಮುಂದೆ ಇಟ್ಟುಕೊಂಡು, ಸೆಟೆದ ಬಲಗೈಯನ್ನು ಗುಳಿಗೆ ತುರುಕಿ, ಬೀಜ ಬೆರಳಿನ ಸಂದಿಯಿಂದ ಜಾರುವುದನ್ನು ನೋಡುತ್ತಿದ್ದರು. "ಆಡೂದಿಲ್ಲ ಅಂತ ಫೋನ್ ಮಾಡಿ ಹೇಳ್ಬಿಡ್ಲಾ ಕೂಸೆ?" ಅಂದರು.

ಆ ಹೊತ್ತಿಗೆ ಅಜ್ಜಯ್ಯ ದಿನಾ ಕುಡಿಯುವ ಇಸಬಗೋಲನ್ನು ಲೋಟಕ್ಕೆ ಹಾಕಿಕೊಂಡು, ಯಾವುದೋ ಫೋನ್ ಬಂದು ಮರೆತು ಹೋಗಿದ್ದರು. ಮಲ ಸಲೀಸಾಗಲು ಕುಡಿಯುತ್ತಾರಲ್ಲ, ಆ ಹೊಟ್ಟು. ನೋಡುತ್ತೇನೆ, ಲೋಟದಲ್ಲಿ ನೀರೇ ಇಲ್ಲ. ಗಟ್ಟಿ ಲೋಳೆ! ತಿರುಗಿಸಿದರೂ ಬೀಳುತ್ತಿಲ್ಲ. ನಾನು ಕಿರುಚಿದೆ. ಇದರ ಸ್ಲೈಮನ್ನು ಫೋನಿನಲ್ಲಿ ಎಲ್ಲೋ ನೋಡಿದ್ದೆ, ಮರೆತಿದ್ದೆ.

ಬೇಕಾದವರು ಮಾಡಿ ನೋಡಿ. ಒಂದು ದೊಡ್ಡ ಚಮಚ ಇಸಬಗೋಲನ್ನು ಮಿಕ್ಸಿಯಲ್ಲಿ ಪುಡಿ ಮಾಡಿ, ಒಂದು ಲೋಟ ನೀರಿಗೆ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಉಕ್ಕಿ ಬರುತ್ತದೆ, ಇಳಿಸಿ, ಅದು ತಗ್ಗಿದ ಮೇಲೆ ಮತ್ತೆ ಇಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ತಳ ಬಿಟ್ಟು ಒಂದೇ ಮುದ್ದೆಯಾಗುತ್ತದೆ. ಪೂರ್ತಿ ಆರಿದ ಮೇಲೆಯೇ ಮುಟ್ಟಿ, ಒಳಗೆ ಕೆಂಡದ ಹಾಗೆ ಸುಡುತ್ತಿರುತ್ತದೆ. ಕೈಗೆ ಅಂಟುವುದಿಲ್ಲ. ಫ್ರಿಜ್ಜಿನಲ್ಲಿಡಿ, ಎರಡು ಮೂರು ದಿನಕ್ಕೆ ಎಸೆದು ಬೇರೆ ಮಾಡಿ. ಚಿಟಿಕೆ ಅರಿಶಿನ ಹಾಕಿದರೆ ಬಣ್ಣ ಚಂದ.

ಒಯ್ದು ಅಮ್ಮಮ್ಮನ ಮುಂದಿಟ್ಟೆ. ನೀರು ಹಾಕಿ ಬೇಯಿಸಿದ್ದು, ಹೊಟ್ಟು ಬೇರೆ. ಹೊಟ್ಟು ಧಾನ್ಯವೋ ಅಲ್ಲವೋ? ಅವರು ಕಣ್ಣು ಮುಚ್ಚಿದರು. ಅಷ್ಟು ಹೊತ್ತು ಯೋಚಿಸಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

"ಇಸಬಗೋಲು ಇವ್ರು ಎಂತಕ್ಕೆ ಕುಡೀತಾರೆ?"

"ಅದು... ಹೊಟ್ಟೆ ಸರಿ ಆಗ್ಲಿಕ್ಕೆ."

"ಅಂದ್ರೆ ಔಷಧಿ. ಔಷಧಿಗೆ ಮುಸುರೆ ಇಲ್ಲ, ಎಂಜಲಿಲ್ಲ, ಮಡಿ ಇಲ್ಲ, ಮೈಲಿಗೆ ಇಲ್ಲ. ತಾ ಇಲ್ಲಿ!"

ಅವತ್ತಿನಿಂದ ಆ ಕೈ ಬಿಡುವಿಲ್ಲದೆ ದುಡಿಯಿತು. ಧಾರಾವಾಹಿ ನೋಡುವಾಗ, ಅಜ್ಜಯ್ಯನಿಗೆ ಬೈಯುವಾಗ, ಬೆಕ್ಕಿಗೆ ಹಾಲು ಹಾಕುವಾಗ, ಬಲಗೈಯಲ್ಲಿ ಹಳದಿ ಲೋಳೆ. ಮೊದಲು ಬರೀ ಅಂಗೈ ಮೇಲೆ ಕೂರುತ್ತಿತ್ತು. ಆಮೇಲೆ ಬೆರಳು ಅದರೊಳಗೆ ಇಳಿಯತೊಡಗಿದವು. ಒಂದು ದಿನ ಮುಷ್ಟಿಯ ಸಂದಿಗಳಿಂದ ಲೋಳೆ ಪುಸಕ್ಕನೆ ಹೊರಬಂತು. ಅಮ್ಮಮ್ಮ ಗೋಡೆ ಹತ್ತಿರ ಓಡಿಬಂದು ಮುಷ್ಟಿ ಎತ್ತಿ ತೋರಿಸಿದರು, ರಸ್ತೆಯಲ್ಲಿ ಹೋಗುವವರು ಯಾವುದೋ ಹೋರಾಟ ಅಂದುಕೊಂಡಿರಬೇಕು.

ಗುಟ್ಟು ಬಯಲಾದದ್ದು ಅಜ್ಜಯ್ಯನಿಂದ. ಅವರಿಗೆ ಹಾಲುಬಾಯಿ ಅಂದರೆ ಪ್ರಾಣ, ಅಕ್ಕಿ ಬೆಲ್ಲದ ಆ ಮೆತ್ತನೆಯ ಸಿಹಿ. ಲೋಳೆಯನ್ನು ಎಲ್ಲಿಡುತ್ತಾರೆ ಅಂತ ಅವರಿಗೆ ಗೊತ್ತಿರಲಿಲ್ಲ. ಫ್ರಿಜ್ಜಿನಲ್ಲಿ ಡಬ್ಬಿ ಕಂಡರು, ಹೆಂಡತಿ ತನ್ನಿಂದ ಬಚ್ಚಿಟ್ಟ ಹಾಲುಬಾಯಿ ಅಂದುಕೊಂಡರು, ತುಪ್ಪ ಹಾಕಿಕೊಂಡು ಪೂರ್ತಿ ತಿಂದರು. ಸಿಹಿ ಇಲ್ಲದ್ದು ನೋಡಿ, ತನ್ನ ಸಕ್ಕರೆ ಕಾಯಿಲೆಗೋಸ್ಕರ ಹೀಗೆ ಮಾಡಿದ್ದಾಳೆ ಅಂತ ಮೆಚ್ಚಿಕೊಂಡರಂತೆ. ಮಾರನೇ ದಿನ ಬೆಳಿಗ್ಗೆ ಯಾವುದೋ ಜಮೀನಿನ ಕೆಲಸಕ್ಕೆ ಹೊಸನಗರದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಬಸ್ಸು ನಿಲ್ಲಿಸಿದ್ದೆಷ್ಟು ಸಲ ಅಂತ ಅವರು ಹೇಳಲಿಲ್ಲ. ಕೊನೆಗೆ ಕಂಡಕ್ಟರೇ, "ರಾಯ್ರೇ, ನೀವು ಬಾಗಿಲ ಹತ್ರದ ಸೀಟಲ್ಲೇ ಕೂತ್ಕಳಿ, ನಾನು ಸೀಟಿ ಕೈಲೇ ಹಿಡ್ಕಂಡಿರ್ತೀನಿ" ಅಂದನಂತೆ. ತಂಗಿಯ ಮನೆ ತಲುಪಿ, "ಬಾ ಅಣ್ಣಾ" ಅಂದವರ ಮುಖವನ್ನೂ ನೋಡದೆ ಹಿತ್ತಲಿಗೆ ಓಡಿದರು. ಹೊರಬಂದ ಮೇಲೆ ವಿಚಾರಣೆ ಆಯಿತು. ಎಲ್ಲ ಹೇಳಿಬಿಟ್ಟರು.

ಸಂಜೆ ಫೋನ್ ಬಂತು. ಸ್ಪೀಕರ್ ಆನ್.

"ಅತ್ತಿಗೇ, ಲೋಳೆ ಹಿಸುಕ್ತಾ ಇದ್ಯಡ?"

"ಯಾರು ಹೇಳ್ದ?"

"ಹೇಳಿದವ ಮತ್ತೆ ಒಳಗೆ ಸೇರ್ಕಂಡಿದ್ದ, ಬಾಗ್ಲು ತೆಗೀತಾ ಇಲ್ಲೆ. ಹಿಸುಕು ಹಿಸುಕು. ಬೀಜ ಹಿಸುಕೂ ಆಟ ಅಲ್ಲ ಅದು."

ಆಷಾಢ ಬಂತು, ಹೊಸನಗರದ ಅತ್ತೆಯೂ ಬಂದರು. ಕಾಫಿ ಆಯಿತು. ಮಣೆ ಬಂತು. ನಾನು ಕಾಲೇಜಿಗೆ ರಜೆ ಹಾಕಿ ಬಾಗಿಲಿಗೆ ಒರಗಿ ಕೂತಿದ್ದೆ. ಅಮ್ಮಮ್ಮ ಸೆರಗು ಸಿಕ್ಕಿಸಿ, ಬಲಗೈ ಚಾಚಿ, ಒಂದು ಗುಳಿಯ ಬೀಜವನ್ನೆಲ್ಲ ಒಂದೇ ಸಲಕ್ಕೆ ಬಾಚಿ ಎತ್ತಿ ಮುಷ್ಟಿ ಕಟ್ಟಿದರು. ಒಂದೂ ಜಾರಲಿಲ್ಲ. ನಾನು ಚಪ್ಪಾಳೆ ತಟ್ಟಿದೆ. ಹೊಸನಗರದ ಅತ್ತೆಯ ಮುಖ ಸಪ್ಪಗಾಯಿತು.

ಆಮೇಲೆ ಏನೂ ಆಗಲಿಲ್ಲ.

ಮುಷ್ಟಿ ಗುಳಿಯ ಮೇಲೆ ಹಾಗೇ ನಿಂತಿತ್ತು. ಅಮ್ಮಮ್ಮನ ಹುಬ್ಬು ಗಂಟಾಯಿತು, ಕುತ್ತಿಗೆಯ ನರ ಎದ್ದವು. ಮುಷ್ಟಿ ಬಿಚ್ಚುತ್ತಿಲ್ಲ. ಅಷ್ಟೂ ದಿನ ನಾವು ಆ ಕೈಗೆ ಹಿಡಿಯುವುದನ್ನು ಕಲಿಸಿದ್ದೆವು. ಬಿಡುವುದನ್ನು ಕಲಿಸಿರಲಿಲ್ಲ. ಲೋಳೆ ತಾನಾಗಿಯೇ ಜಾರಿಹೋಗುತ್ತಿತ್ತಲ್ಲ, ಬಿಡುವ ಕೆಲಸ ಅದೇ ಮಾಡುತ್ತಿತ್ತು.

"ಸಾಕು ಅತ್ತಿಗೆ, ಅಣ್ಣ ಹಾಕ್ಲಿ" ಅಂದರು ಹೊಸನಗರದ ಅತ್ತೆ. ಈ ಸಲ ಅವರ ದನಿಯಲ್ಲಿ ಕುಚೋದ್ಯ ಇರಲಿಲ್ಲ.

"ಯಾರೂ ಮುಟ್ಟಡಿ."

ಅಜ್ಜಯ್ಯ ಚಾಚಿದ ಕೈ ಹಿಂದೆ ತೆಗೆದುಕೊಂಡರು. ಅಮ್ಮಮ್ಮ ಮುಷ್ಟಿಯನ್ನು ಬಿಚ್ಚುವ ಪ್ರಯತ್ನ ಬಿಟ್ಟರು. ಸುಮ್ಮನೆ ಓರೆ ಮಾಡಿ ಹಿಡಿದು ಕಾದರು, ಲೋಳೆಯನ್ನು ಹಿಡಿಯುತ್ತಿದ್ದ ಹಾಗೆಯೇ. ಹೊರಗೆ ಮಳೆ ಬಂದು ನಿಂತಿತು. ಕಿರುಬೆರಳು ಒಂದು ಎಳೆಯಷ್ಟು ಸಡಿಲವಾಯಿತು. ಟಪ್. ಒಂದು ಬೀಜ.

"ಹಾಂ" ಅಂದರು ಅಮ್ಮಮ್ಮ, ಮುಷ್ಟಿಯನ್ನು ಪಕ್ಕದ ಗುಳಿಗೆ ಸರಿಸಿದರು.

ಆ ಒಂದು ಸರದಿ ಮುಗಿಯುವಷ್ಟರಲ್ಲಿ ಅಜ್ಜಯ್ಯ ಅನ್ನಕ್ಕಿಟ್ಟು, ಕುಕ್ಕರ್ ಕೂಗಿ, ಆರಿ, ಮುಚ್ಚಳ ತೆಗೆದಾಗಿತ್ತು. ಹೊಸನಗರದ ಅತ್ತೆ ಚುರುಕಿನ ಹೆಂಗಸು, ಟಪಟಪನೆ ಹಾಕಿ ಮುಗಿಸುತ್ತಿದ್ದರು. ಆಮೇಲೆ ಮತ್ತೆ ಕಾಯುವುದು. ಕಾದು ಕಾದು ತಾವು ಹಾಕಿಕೊಂಡ ಲೆಕ್ಕ ಮರೆತುಹೋಗುತ್ತಿತ್ತು. ಗೋಡೆಗೆ ಒರಗಿ ತೂಕಡಿಸಿದರು. ಎದ್ದು, "ಈಗ ಯಾರ ಸರದಿ?" ಅಂದರು. ಊಟ ಆಯಿತು, ಮಣೆಯನ್ನು ಅಲುಗಾಡಿಸದೆ ಪಕ್ಕದಲ್ಲೇ ಮಲಗಿದ್ದೂ ಆಯಿತು. ಹೊರಡಬೇಕಿದ್ದ ದಿನ ಮುಂದಕ್ಕೆ ಹೋಯಿತು. ಕೊನೆಗೆ ತಾಳ್ಮೆ ಕೆಟ್ಟು ಸಿಕ್ಕಿದ ಗುಳಿಗೆ ಕೈಹಾಕಿ, ಎಲ್ಲ ಬೀಜ ಅಮ್ಮಮ್ಮನ ಕಡೆ ಹೋಗುವ ಹಾಗೆ ಮಾಡಿಕೊಂಡು ಸೋತರು.

"ಕೈ ನೋಯ್ತು ಮಾರಾಯ್ತಿ" ಅಂತ ಗೆದ್ದವರು ಹೇಳಿದರು.

"ಯಂಗೆ ಸೊಂಟ ನೋಯ್ತು" ಅಂತ ಸೋತವರು ಹೇಳಿದರು.

ಆಮೇಲಿನ ಆಷಾಢಗಳಲ್ಲೂ ಹೀಗೆಯೇ. ಆಟ ಒಂದು, ಆದರೆ ಅದು ಮುಗಿಯಲು ಮೂರು ನಾಲ್ಕು ದಿನ. ನಡುವೆ ಒಂದು ವರ್ಷ ನಾನು ಬೆಳಿಗ್ಗೆ ಇಸಬಗೋಲಿನ ಡಬ್ಬಿ ಕೊಡಲು ಹೋದಾಗ ಅಮ್ಮಮ್ಮ ದೇವರ ಕೋಣೆಯ ಎದುರು ಕೂತು ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದರು. ಬಲಗೈಯ ಬೆರಳು ಹಾರಾಡುತ್ತಿದ್ದವು. ತೊಟ್ಟು ಹಿಡಿ, ಸುತ್ತು, ಗಂಟು, ಬಿಡು. ಹಿಡಿ, ಸುತ್ತು, ಗಂಟು, ಬಿಡು. ನಾನು ಬಾಯಿ ಬಿಟ್ಟು ನಿಂತೆ. ಅವರು ತಲೆ ಎತ್ತಿದರು.

"ಎಂತ ನೋಡ್ದೆ ಕೂಸೆ?"

"ನೀವು ಹೂ ಕಟ್ಟೂದು..."

"ನೀ ಎಂತದೂ ನೋಡ್ಲಿಲ್ಲ. ಆ ಡಬ್ಬಿ ಫ್ರಿಜ್ಜಿನಲ್ಲಿ ಎದ್ರಿಗೇ ಇಡು. ಹೊಸನಗರದವ್ಳಿಗೆ ಬಾಗ್ಲು ತೆಗೆದ್ ಕೂಡ್ಲೇ ಕಾಣ್ಬೇಕು."

ಆ ವರ್ಷವೂ ಅವರ ಮುಷ್ಟಿ ಗುಳಿಯ ಮೇಲೆ ಬಹಳ ಹೊತ್ತು ನಿಂತಿತು. ಆ ವರ್ಷವೂ ಹೊಸನಗರದ ಅತ್ತೆ ಸೋತರು.

ಅವರು ಹೋದದ್ದು ನಿದ್ದೆಯಲ್ಲಿ, ಯಾರಿಗೂ ತೊಂದರೆ ಕೊಡದೆ. ಸೂತಕ ಕಳೆದ ಮೇಲಿನ ವೈಕುಂಠದ ಊಟಕ್ಕೆ ಹೋಗಿದ್ದೆ. ನನ್ನ ಪಕ್ಕದ ಎಲೆಗೆ ಹೊಸನಗರದ ಅತ್ತೆ ಬಂದು ಕೂತರು. ಪಾಯಸ ಬಡಿಸಿ ಹೋದ ಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು.

"ನಿಜ ಹೇಳೇ. ಅತ್ತಿಗೆ ಕೈ ಪೂರ್ತಿ ಸರಿ ಆಗಿತ್ತು ಅಲ್ದಾ?"

ನಾನು ಎಲೆ ನೋಡಿದೆ. ಪಾಯಸದ ಸುತ್ತ ಅನ್ನದ ಕಟ್ಟೆ ಕಟ್ಟಿದೆ.

"ಹೇಳೂದು ಬೇಡ, ಗೊತ್ತಾಯ್ತು" ಅಂದರು. ಸ್ವಲ್ಪ ಹೊತ್ತು ಅನ್ನ ಕಲಸುತ್ತಾ ಕೂತರು. ಆಮೇಲೆ ಇನ್ನೂ ಹತ್ತಿರ ಬಾಗಿದರು. "ನಾನೊಂದು ಹೇಳ್ತೀನಿ, ಯಾರಿಗೂ ಹೇಳ್ಬೇಡ. ಅವ್ಳು ಮುಷ್ಟಿ ಹಿಡ್ಕೊಂಡು ಕೂತಾಗ ನೀವೆಲ್ಲ ಆ ಮುಷ್ಟಿನೇ ನೋಡ್ತಿದ್ರಲ್ಲ. ಆಗ ನಾನು ಅವ್ಳ ಗುಳಿಯಿಂದ ಒಂದೊಂದು ಬೀಜ ಎತ್ತಿ ಸೆರಗಿಗೆ ಹಾಕ್ಕೊಳ್ತಿದ್ದೆ."

"ಅತ್ತೇ!"

"ಪ್ರತಿ ವರ್ಷ."

"ಮತ್ತೆ ಸೋತದ್ದು?"

"ಅದೇ ಕಣೇ ಯಂಗೂ ಅರ್ಥ ಆಗ್ತಾ ಇಲ್ಲೆ! ಕದ್ದೂ ಸೋತೆ ಮಾರಾಯ್ತಿ! ಕದ್ದೂ ಸೋತೆ!"

ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡರು. ಭುಜ ಕುಲುಕಿತು, ಕಣ್ಣಲ್ಲಿ ನೀರು ಬಂತು. ಎದುರು ಸಾಲಿನವರು ಪಾಪ, ಅತ್ತಿಗೆಯ ನೆನಪಾಯಿತು ಅಂದುಕೊಂಡು, "ಸಮಾಧಾನ ಮಾಡ್ಕಳಿ" ಅಂದರು. ಅವರು ತಲೆಯಾಡಿಸಿದರು. ಬಹಳ ಹೊತ್ತು ಸೆರಗು ಕೆಳಗಿಳಿಸಲಿಲ್ಲ. ಕೊನೆಕೊನೆಗೆ ಅದು ನಗುವೋ ಅಲ್ಲವೋ ನನಗೂ ತಿಳಿಯಲಿಲ್ಲ.

ಯಾರಿಗೂ ಹೇಳಬೇಡ ಅಂದಿದ್ದರು. ಹೀಗೆ ಬರೆಯುತ್ತೇನೆ ಅಂತ ಮೊನ್ನೆ ಫೋನ್ ಮಾಡಿ ಒಪ್ಪಿಗೆ ಕೇಳಿದೆ. "ಬರಿ, ಆದ್ರೆ ಒಂದು ಮಾತು ಕೇಳಿ ನೋಡು" ಅಂದರು. ಅದನ್ನೇ ನಿಮ್ಮ ಹತ್ತಿರ ಕೇಳುತ್ತಿದ್ದೇನೆ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ, ಚೆನ್ನೆಮಣೆಯೋ ಇಸ್ಪೀಟೋ ಯಾವ ಆಟವಾದರೂ ಸರಿ, ಕದ್ದೂ ಸೋತವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಹೊಸನಗರದ ಅತ್ತೆಗೆ ಓದಿ ಹೇಳಬೇಕು. ತಾನೊಬ್ಬಳೇ ಅಲ್ಲ ಅಂತ ಗೊತ್ತಾಗುವವರೆಗೆ ಅವರಿಗೆ ನಿದ್ದೆ ಬರುವುದಿಲ್ಲವಂತೆ.